ಬಾವಿಯಿಂದ ಹನ್ನೆರಡು ಹೆಜ್ಜೆ

ಬಡಗಿಯ ಹೆಂಡತಿ ಮೂರನೇ ಸಲವೂ ಬಾಗಿಲು ತೆಗೆಯಲಿಲ್ಲ.

"ನಮ್ಮ ಮಗು ಹುಷಾರಾಗಿದೆ. ನಮ್ಮ ನೀರು ನಾವೇ ನೋಡ್ಕೋತೀವಿ," ಎಂದು ಒಳಗಿನಿಂದಲೇ ಹೇಳಿದಳು.

"ಹುಷಾರಾಗಿರದೆ ಏನು! ಗುಂಡಿ ನಿಮ್ದು, ಭೇದಿ ಊರ ಮಕ್ಕಳಿಗೆ," ಎಂದು ಉಪ್ಪು-ಸಕ್ಕರೆ ಅಕ್ಕ ಅಂಗಳ ಇಳಿದಳು. ಹೋದ ವರ್ಷ ಬಡಗಿ ತೋಡಿಸಿದ ಪಾಯಖಾನೆ ಗುಂಡಿಗೂ ಊರ ಬಾವಿಗೂ ನಡುವೆ ಇರುವುದು ಹನ್ನೆರಡೇ ಹೆಜ್ಜೆ. ಅವಳೇ ಖುದ್ದಾಗಿ ಅಳೆದಿದ್ದಳು.

ಅವಳು ಹದಿನಾರು ವರ್ಷಗಳಿಂದ ಈ ಊರಿನ ಆರೋಗ್ಯ ಕಾರ್ಯಕರ್ತೆ. ಯಾವ ಮಗುವಿಗೆ ಭೇದಿಯಾದರೂ ಓಡಿಹೋಗುತ್ತಿದ್ದಳು. ಹೆತ್ತವಳೇ ಮೂಗು ಮುಚ್ಚಿಕೊಂಡರೂ ಇವಳು ಮುಚ್ಚಿಕೊಳ್ಳದೆ ಮಗುವನ್ನು ತೊಳೆದು ಒರೆಸಿ, ಆಮೇಲೆ ಉಪ್ಪು-ಸಕ್ಕರೆ ನೀರು ಬೆರೆಸುತ್ತಿದ್ದಳು. ಹೆಸರು ಬಂದದ್ದೂ ಹಾಗೆಯೇ. ಒಂದೊಂದು ಮನೆಯ ಲೋಟ ಒಂದೊಂದು ಗಾತ್ರ, ಅಳತೆ ತಪ್ಪಿದರೆ ಮಗುವಿಗೆ ಕುತ್ತು ಎಂದು ಗೆರೆ ಕೊರೆದ ಸ್ಟೀಲ್ ಮಗ್ಗೊಂದನ್ನು ಸದಾ ಚೀಲದಲ್ಲಿಟ್ಟುಕೊಂಡಿದ್ದಳು. ಮನೆಯ ನೀರಿನ ಪಾತ್ರೆಯಿಂದ ಅದರಲ್ಲೇ ಮೊಗೆಯಬೇಕು, ಗೆರೆಗೆ ಸರಿಯಾಗಿ. ಹುಷಾರಾಗಿರುವ ಮಕ್ಕಳ ಮನೆಯನ್ನೂ ಅವಳು ಬಿಡುತ್ತಿರಲಿಲ್ಲ. "ನಾಳೆ ಬೇಕಾಗುತ್ತೆ, ಕಲ್ತಿಟ್ಕೊಳ್ಳಿ" ಎಂದು ಬೆರೆಸಿ ತೋರಿಸಿಯೇ ಹೊರಡುತ್ತಿದ್ದಳು.

ಈ ಸಲ ಭೇದಿ ಹನ್ನೊಂದು ಮನೆಗಳನ್ನು ಹೊಕ್ಕಿತು. ಹತ್ತು ಮನೆಯ ಮಕ್ಕಳು ಚೇತರಿಸಿಕೊಂಡವು. ಹನ್ನೊಂದನೆಯದು ಅವಳ ಮನೆ. ಹದಿನಾಲ್ಕು ತಿಂಗಳ ಮೊಮ್ಮಗಳು ಮೂರೇ ದಿನಕ್ಕೆ ಹೋಗಿಬಿಟ್ಟಳು.

ಅದಾಗಿ ಹತ್ತೊಂಬತ್ತು ದಿನ. ಅಕ್ಕನಿಗೆ ಇನ್ನೂ ಅಳು ಬಂದಿರಲಿಲ್ಲ. ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ಮಗಳು ಸಣ್ಣ ಅಂಗಿಗಳನ್ನು ಬಿಚ್ಚಿ ಮತ್ತೆ ಮಡಿಸುವುದನ್ನು ನೋಡಿದರೂ ಎದೆಯೊಳಗೆ ಏನೂ ಅಲ್ಲಾಡುತ್ತಿರಲಿಲ್ಲ. ಮಗು ಹೋದದ್ದು ಯಾರಿಂದ ಎಂಬುದೊಂದು ಗೊತ್ತಾಗಿಬಿಟ್ಟರೆ ಅಳು ಬಂದೀತು ಎಂದುಕೊಂಡಿದ್ದಳು. ಅದಕ್ಕಾಗಿಯೇ ಮೇಲಧಿಕಾರಿಗಳ ಕಾಲು ಹಿಡಿದು ನೀರು ಪರೀಕ್ಷೆಯವನನ್ನು ಊರಿಗೆ ಕರೆಸಿದಳು.

ಅವನು ಬಾವಿಯಿಂದ ಒಂದು ಬಾಟಲಿ, ಮನೆಮನೆಯ ಪಾತ್ರೆಯಿಂದ ಒಂದೊಂದು ಬಾಟಲಿ ನೀರು ತುಂಬಿಕೊಂಡ. ಸರ್ಕಾರಿ ಗುರುತಿನ ಚೀಟಿ ಕಂಡು ಬಡಗಿಯ ಹೆಂಡತಿಯೂ ಬಾಗಿಲು ತೆಗೆದಳು. ಯಾವ ಮಗು ಯಾವ ದಿನ ಕಾಯಿಲೆ ಬಿದ್ದು ಮಲಗಿತು ಎಂದು ಕೇಳಿದಾಗ ಅಕ್ಕ ತನ್ನ ನೋಟ್‌ಬುಕ್ಕನ್ನೇ ಕೊಟ್ಟಳು. ಒಂದು ದಿನವೂ ತಪ್ಪದಂತೆ ಬರೆದಿಟ್ಟಿದ್ದಳು.

ವಾರ ಕಳೆದು ಅವನು ಮತ್ತೆ ಬಂದ. ಅಕ್ಕ ಕುರ್ಚಿ ಎಳೆದುಕೊಟ್ಟಳು. ಮಗಳು ಒಳಕೋಣೆಯಲ್ಲಿದ್ದಳು.

"ಬಾವಿ ತಾನೇ?" ಅಕ್ಕ ನಿಂತೇ ಕೇಳಿದಳು.

"ಬಾವಿ ನೀರು ಚೆನ್ನಾಗಿದೆಯಮ್ಮ."

"ಹಾಗಂದ್ರೇನು? ಅದರ ಪಕ್ಕದಲ್ಲೇ ಗುಂಡಿ ಇದೆಯಲ್ಲ!"

"ಇದೆ. ಅದನ್ನ ದೂರ ಮಾಡಿಸ್ಬೇಕು, ಬರೆದಿದ್ದೀನಿ. ಆದ್ರೆ ಈ ಸಲದ್ದು ಅಲ್ಲಿಂದ ಬಂದಿಲ್ಲ. ಬಾವಿ ಕೆಟ್ಟಿದ್ರೆ ಮಕ್ಕಳೆಲ್ಲಾ ಹೆಚ್ಚುಕಮ್ಮಿ ಒಟ್ಟಿಗೇ ಮಲಗ್ಬೇಕಿತ್ತು. ನೀರು ಕೆಟ್ಟಿರೋದು ಮನೆಯೊಳಗೆ, ಪಾತ್ರೆಗಳಲ್ಲಿ. ಮಲದ ಕ್ರಿಮಿ ಸಿಕ್ಕಿದೆ. ಕೈಯಿಂದ ಬಂದಿರ್ಬಹುದು, ಇಲ್ಲಾ ಅದ್ದಿದ ಯಾವುದಾದ್ರೂ ವಸ್ತುವಿಂದ. ಬಡಗಿ ಮನೇದೊಂದೇ ಶುದ್ಧ."

ಅಕ್ಕನಿಗೆ ಕೋಪ ಬರಬೇಕಿತ್ತು. ಬರಲಿಲ್ಲ. ಅವನು ಊರಿನ ನಕ್ಷೆಯನ್ನು ಮೇಜಿನ ಮೇಲೆ ಹಾಸಿದ. ಹನ್ನೊಂದು ಮನೆಗಳ ಮೇಲೂ ಮಗು ಮಲಗಿದ ತಾರೀಕು ಬರೆದಿತ್ತು. ಪೆನ್ನು ತೆಗೆದು ಮೊದಲ ತಾರೀಕಿನಿಂದ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ ಗೆರೆ ಎಳೆಯುತ್ತ ಹೋದ. ಗೆರೆ ಕೆಳಗಿನ ಬೀದಿಯಲ್ಲಿ ಹೊರಟಿತು, ಶಾಲೆಯ ಹತ್ತಿರ ತಿರುಗಿತು, ಮೇಲಿನ ಬೀದಿಯಲ್ಲಿ ಬಡಗಿಯ ಮನೆಯೊಂದನ್ನು ಮಾತ್ರ ಬಿಟ್ಟು ಅಕ್ಕನ ಹೊಸ್ತಿಲಿಗೆ ಬಂದು ನಿಂತಿತು.

"ನೋಡಿ, ಒಂದು ಮನೆ ಆದ್ಮೇಲೆ ಅದರ ಪಕ್ಕದ ಮನೆ. ಯಾರೋ ಇದೇ ದಾರೀಲಿ ಮನೆಮನೆಗೂ ಹೋಗಿ ಎಲ್ಲರ ನೀರೂ ಮುಟ್ಟಿದ್ದಾರೆ," ಎಂದ ಅವನು. "ಯಾರಮ್ಮ ಅವರು?"

"ನಮ್ಮಮ್ಮ," ಎಂದಳು ಒಳಗಿನಿಂದ ಮಗಳು.