ಒಂದು ಲೋಟ ನೀರು

ಗಾಜಿನ ಮನೆಯ ಹದಿನೇಳನೇ ಕುಂಡದ ತೂಕ ನಿನ್ನೆಗಿಂತ ಕಾಲು ಕಿಲೋ ಹೆಚ್ಚಿತ್ತು. ಕುಂಡಕ್ಕೊಂದು ತಳಿಯ ಮೇವಿನ ಹುಲ್ಲು; ಯಾವುದು ನೀರಿಲ್ಲದೆ ಎಷ್ಟು ದಿನ ತಡೆಯುತ್ತದೆಂದು ನೋಡುವ ಪರೀಕ್ಷೆ ಅದು. ಇಪ್ಪತ್ತು ದಿನದಿಂದ ಯಾವ ಕುಂಡಕ್ಕೂ ನೀರಿಲ್ಲ. ತೂಕ ಇಳಿಯಬೇಕೇ ಹೊರತು ಏರುವಂತಿಲ್ಲ.

"ಚಿಕ್ಕಪ್ಪಾ, ನೀರು ಹಾಕಿದ್ಯಾ?" ತೂಕ ಬರೆಯುವವನು ಮಾಲಿಯನ್ನು ಕೇಳಿದ.

"ದಿನಾ ಒಂದೇ ಲೋಟ ಕಣೋ, ಇವತ್ತು ನೀನು ತೂಗೋಕೆ ಮುಂಚೆಯೇ ಹಾಕ್ಬಿಟ್ಟೆ. ಆ ಹುಲ್ಲು ಬಾಗಿಲಲ್ಲೇ ಮುದುಡಿಕೊಂಡು ನಿಂತಿರುತ್ತೆ, ಹೇಗೆ ದಾಟಿ ಹೋಗ್ಲಿ?"

"ಗೊತ್ತಾದ್ರೆ ನಿನ್ನ ಕೆಲಸ ಹೋಗುತ್ತೆ. ಬಾಯಿ ಮುಚ್ಕೊಂಡಿರು." ಅವನು ತೂಕ ಇಳಿಸಿ ಬರೆದ.

ಆಗಲೇ ವಿಜ್ಞಾನಿ ಒಳಬಂದರು. ಹದಿನೇಳನೆಯದು ಬಿಟ್ಟು ಉಳಿದ ಹುಲ್ಲೆಲ್ಲ ಒಣಗಿ ಸುರುಳಿಯಾಗಿತ್ತು. ತೂಕದ ಪುಸ್ತಕ ನೋಡಿ, "ಬರ ತಡೆಯೋದು ಇದೊಂದೇ. ಇದರ ಬೀಜಾನೇ ರೈತರಿಗೆ ಹಂಚೋಣ" ಎಂದರು.

ಮಾಲಿ ಸೊಂಟದಿಂದ ಗಾಜಿನ ಮನೆಯ ಕೀಲಿ ಬಿಚ್ಚಿ ಮೇಜಿನ ಮೇಲಿಟ್ಟ. "ಹಂಚಬೇಡಿ ಮೇಡಂ. ಅದಕ್ಕೆ ನೀರು ಕುಡಿಸಿದ್ದು ನಾನು. ತೂಕ ಸುಳ್ಳು ಬರೆಸಿದ್ದೂ ನಾನೇ."