ಎಡೆಯ ಮೇಲಿನ ಸೀಬೆಕಾಯಿ

ಅಜ್ಜಿಯ ತಿಥಿ. ತೀರಿಕೊಂಡವರಿಗೆ ಇಷ್ಟವಾದದ್ದನ್ನೇ ಎಡೆಗೆ ಇಡಬೇಕು. ಕೋಳಿಸಾರು ಎಂದರು ತಾತ. ಒಬ್ಬಟ್ಟು ಎಂದ ಮಗ. ಚಾಕಲೇಟು ಎಂದಳು ಮೊಮ್ಮಗಳು. ಎಲ್ಲವನ್ನೂ ಇಟ್ಟರು.

ಅಷ್ಟರಲ್ಲಿ ಗುರುತಿಲ್ಲದ ಹಿರಿಯರೊಬ್ಬರು ಬಂದು, ಉಪ್ಪು-ಖಾರ ಸವರಿದ ಸೀಬೆಕಾಯಿಯನ್ನು ಎಡೆಯ ಮೇಲಿಟ್ಟು ಕೈಮುಗಿದರು.

"ಯಾರು ನೀವು?" ತಾತ ಕೇಳಿದರು.

"ಸ್ಕೂಲ್ ಗೇಟ್ ಹತ್ರ ಮೊಮ್ಮಕ್ಕಳಿಗೆ ಅಂತ ಕಾಯ್ತಾ ಕೂತಿರ್ತಿದ್ವಿ. ನಾನೂ, ಅವ್ರೂ."

"ದಿನಾನಾ?"

"ದಿನಾ."

ಮಗ ಬಾಗಿಲಿಗೆ ಅಡ್ಡ ನಿಂತ. ತಾತನ ದನಿ ಗಡುಸಾಯಿತು.

"ನಲವತ್ತೈದು ವರ್ಷ ಸಂಸಾರ ಮಾಡಿದೀನಿ. ಅವ್ಳಿಗೆ ಸೀಬೆಕಾಯಿ ಇಷ್ಟ ಅಂತ ನಂಗೇ ಗೊತ್ತಿಲ್ಲ. ನಿಮಗೆ ಹೆಂಗೆ ಗೊತ್ತಾಯ್ತು?"

ಬಂದವರು ಪ್ರಶ್ನೆಯೇ ಅರ್ಥವಾಗದವರಂತೆ ತಾತನ ಮುಖ ನೋಡಿದರು.

"ಏನಿಷ್ಟ ಅಂತ ಕೇಳ್ದೆ. ಹೇಳಿದ್ರು."