ಮಹಡಿಯಿಂದ ಇಳಿದು ಬಂದ ತಂಗಿ

"ಶಿವಬಸವ್ವ ಇರೂದು ಇದೇ ಮನಿ ಏನ್ರಿ? ನಾ ಆಕಿ ತಂಗಿ, ಉಮಾಶ್ರೀ."

ಬಾಗಿಲು ತೆರೆದ ಗೀತಾಂಜಲಿಯ ಕೈ ಚಿಲಕದ ಮೇಲೆಯೇ ಉಳಿಯಿತು. ಬ್ಯಾಗು ಹಿಡಿದು ನಿಂತ ಹೆಂಗಸು ಸುಳ್ಳು ಹೇಳುವವಳಂತೆ ಕಾಣಲಿಲ್ಲ. ಸುಳ್ಳು ಹೇಳಿದವಳು ಗೀತಾಂಜಲಿ. ಕಳೆದ ಮಳೆಗಾಲದಿಂದ ಈ ಮನೆಯಲ್ಲಿ ಉಮಾಶ್ರೀ ಆಗಿದ್ದವಳು ಅವಳೇ.

ಒಳಗೆ ಮಂಚದ ಮೇಲಿಂದ ಶಿವಬಸವ್ವ ಕೇಳಿದಳು: "ಯಾರು ಬಂದಾರವಾ?"

ಗೀತಾಂಜಲಿ ಬಾಗಿಲನ್ನು ಅರ್ಧಕ್ಕೆ ಎಳೆದುಕೊಂಡಳು.

ಕೇಶ್ವಾಪುರದ ಈ ಮನೆಯ ಮಹಡಿಕೋಣೆಗೆ ಅವಳು ಬಾಡಿಗೆಗೆ ಬಂದದ್ದು ಒಬ್ಬಳೇ. ಗಂಡ ತೀರಿದ ಮೇಲೆ ಅತ್ತೆಮನೆಯಲ್ಲಿ ಜಾಗವಿರಲಿಲ್ಲ, ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಕೆಲಸ ತಾರಿಹಾಳದ ಕಾರ್ಖಾನೆಯೊಂದರಲ್ಲಿ. ಬನವಾಸಿ ಕಡೆಯಿಂದ ಬಂದ ಅನಾನಸಿನ ಸಿಪ್ಪೆ, ದಿಂಡು ಅರೆದು ರಸ ಹಿಂಡುವುದು, ತಣ್ಣಗಿಟ್ಟು ಸೋಸುವುದು, ಸ್ಪಿರಿಟ್ ಬೆರೆಸಿದಾಗ ಕೆಳಗೆ ಕೂತ ಕಿಣ್ವವನ್ನು ಒಣಗಿಸಿ ಪುಡಿ ಮಾಡುವುದು. ಆ ಪುಡಿ ಔಷಧ ಕಂಪನಿಗಳಿಗೆ ಹೋಗುತ್ತಿತ್ತು. ಕೈಗವಸು ಹಾಕಿದರೂ ಬೆರಳ ತುದಿ ಸುಲಿಯುತ್ತಿತ್ತು. ಎಷ್ಟು ತೊಳೆದರೂ ಮೈಯಿಂದ ಅನಾನಸಿನ ವಾಸನೆ ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು "ಹಣ್ಣಿನ ವ್ಯಾಪಾರ ಏನ್ರಿ?" ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ.

ಒಂದು ಸಂಜೆ ಕೆಳಗಿನ ಮನೆಯಲ್ಲಿ ಯಾರೋ ಬಿದ್ದ ಸದ್ದು. ಓಡಿ ಇಳಿದಳು. ಸಕ್ಕರೆ ಕಾಯಿಲೆಗೆ ಕಣ್ಣು ಕಳೆದುಕೊಂಡ ಶಿವಬಸವ್ವ ನೆಲದ ಮೇಲೆ ಕಾಲು ಹಿಡಿದು ಕೂತಿದ್ದಳು. ಹೆಜ್ಜೆ ಸಪ್ಪಳ ಕೇಳಿ ಮುಖ ಎತ್ತಿದಳು.

"ಉಮಾ? ನೀನೇನ?"

ಮುನಿಸಿಕೊಂಡು ದೂರವಾದ ತಂಗಿಯ ಹೆಸರದು ಎಂದು ಗೀತಾಂಜಲಿ ಓಣಿಯವರಿಂದ ಕೇಳಿದ್ದಳು. ಅಲ್ಲ ಎನ್ನಬೇಕಿತ್ತು. ಆದರೆ ಆ ಮುಖದಲ್ಲಿ ಬೆಳಕು ಹೊತ್ತಿಕೊಂಡಿತ್ತು.

"ಹೂಂ, ಅಕ್ಕಾ," ಎಂದುಬಿಟ್ಟಳು.

ಶಿವಬಸವ್ವ ಅವಳ ಅಂಗೈಗಳನ್ನು ಹಿಡಿದು ಮೂಗಿಗೆ ಒತ್ತಿಕೊಂಡಳು. ಇನ್ನೊಮ್ಮೆ ಉಸಿರೆಳೆದು ಮೂಸಿದಳು. ಆಮೇಲೆ ಕೇಳಿದ್ದು ಒಂದೇ: "ಉಂಡಿಯೇನವಾ?"

ಗೀತಾಂಜಲಿ ಅತ್ತುಬಿಟ್ಟಳು. ಹಾಗೆ ಕೇಳಿಸಿಕೊಂಡು ವರ್ಷಗಳಾಗಿದ್ದವು.

ಮರುದಿನ ಸತ್ತೂರಿನ ಆಸ್ಪತ್ರೆಯ ಡಾಕ್ಟರು ಮೂಳೆ ಮುರಿದಿಲ್ಲ ಎಂದು ಹೇಳಿ ಕಾಲಿನ ಬಾವು ಇಳಿಯಲು ಗುಳಿಗೆ ಬರೆದುಕೊಟ್ಟರು. ಗುಳಿಗೆ ಅನಾನಸಿನ ಕಿಣ್ವದ್ದೇ. ಗೀತಾಂಜಲಿಗೆ ಹಿಗ್ಗು. "ಇದರ ಪುಡಿ ನಾವೇ ಮಾಡ್ತೇವಿ, ಅಕ್ಕಾ. ಬಿಸಿ ಹತ್ತಿದ್ರ ಸತ್ವ ಸಾಯ್ತೈತಿ, ಹಂಗಾಗಿ ತಣ್ಣಗಿಡಬೇಕು."

"ಹೌದಾ? ಇನ್ನೂ ಹೇಳು," ಎಂದಳು ಶಿವಬಸವ್ವ.

ಬಾವು ಇಳಿಯಿತು. ಗೀತಾಂಜಲಿ ಇಳಿದು ಬರುವುದು ನಿಲ್ಲಲಿಲ್ಲ. ಸಂಜೆ ರೊಟ್ಟಿ ಬಡಿದು ಇಬ್ಬರೂ ಕೂಡಿ ಉಣ್ಣುತ್ತಿದ್ದರು. ಅವಳಿಗೆ ಒಂದೇ ಭಯ: ಅಕ್ಕ ಎಲ್ಲಿ ಸಣ್ಣವರಿದ್ದಾಗಿನ ಮಾತು ತೆಗೆಯುತ್ತಾಳೋ! ಪುಣ್ಯಕ್ಕೆ ಶಿವಬಸವ್ವ ಹಳೆಯದನ್ನು ಎಂದೂ ಕೆದಕಲಿಲ್ಲ. ಇವತ್ತು ಏನಾಯಿತು, ಬಸ್ಸು ಸಿಕ್ಕಿತೇ, ಬೆರಳು ಉರಿಯುತ್ತವೆಯೇ, ಇಷ್ಟೇ ಕೇಳುತ್ತಿದ್ದಳು. ಜಗಳವಾಡಿ ಪುಣೆಗೆ ಹೋದ ತಂಗಿಯ ಮೇಲಿನ ಸಿಟ್ಟು ಇನ್ನೂ ಆರಿಲ್ಲ, ಅದಕ್ಕೇ ಹಳೇ ಮಾತು ಬೇಡವಾಗಿದೆ ಎಂದುಕೊಂಡಿದ್ದಳು ಗೀತಾಂಜಲಿ.

ಈಗ ಆ ತಂಗಿಯೇ ಹೊಸ್ತಿಲಲ್ಲಿ ನಿಂತಿದ್ದಳು.

"ಒಳಗ ಬರ್ರಿ," ಎಂದು ಗೀತಾಂಜಲಿ ಪಕ್ಕಕ್ಕೆ ಸರಿದಳು. "ನಾ ಮ್ಯಾಲಿನ ಮನಿಯಾಕಿ." ಚಪ್ಪಲಿ ಸಿಕ್ಕಿಸಿಕೊಂಡು ಹೊರಬಿದ್ದಳು. ಮೂರ್ನಾಲ್ಕು ಮೆಟ್ಟಿಲು ಹತ್ತಿ ನಿಂತಳು. ಅಲ್ಲೇ ಗೋಡೆಗೆ ಒರಗಿದಳು.

ಕಿಟಕಿಯಿಂದ ಎಲ್ಲ ಕೇಳುತ್ತಿತ್ತು. "ಅಕ್ಕಾ, ನಾನು, ಉಮಾ." ಆಮೇಲೆ ಅಳು. ಇಬ್ಬರದೂ. ಇನ್ನು ಅಕ್ಕ ಕೇಳುತ್ತಾಳೆ, ಹಂಗಾರ ಇಷ್ಟು ದಿನ ನನ್ನ ಕೂಡ ಉಂಡಾಕಿ ಯಾರು ಎಂದು. ಗೀತಾಂಜಲಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕೋಣೆ ಬಿಡಬೇಕು, ಇವತ್ತೇ.

ಒಳಗೆ ಉಮಾಶ್ರೀ ಕೆಮ್ಮತೊಡಗಿದಳು.

"ಅಕ್ಕಾ, ಮನಿತುಂಬ ಇದೇನು ಅನಾನಸಿನ ವಾಸನಿ? ಸಣ್ಣಾಕಿದ್ದಾಗ ಒಂದು ಹೋಳು ತಿಂದು ನನ್ನ ಉಸಿರು ಕಟ್ಟಿತ್ತಲ್ಲ. ಅವತ್ತಿಂದ ನಾ ಆ ಹಣ್ಣು ಕೈಲೆ ಮುಟ್ಟಿಲ್ಲ. ಮರ್ತಿಯೇನು?"

"ಮರ್ತಿಲ್ಲವಾ," ಎಂದಳು ಶಿವಬಸವ್ವ. "ಮ್ಯಾಲಿನ ಮನಿಯಾಕಿ ಕೈ ಮೊದಲನೇ ದಿನ ಮೂಗಿಗೆ ಹಿಡಿದಾಗನೂ ಮರ್ತಿರಲಿಲ್ಲ. ಮ್ಯಾಲೆ ಹತ್ತಿದ ಸಪ್ಪಳ ಬಂದಿಲ್ಲ, ಮೆಟ್ಟಿಲ ಮ್ಯಾಲೇ ನಿಂತಾಳ. ಹೋಗಿ ಒಳಗ ಕರಿ. ಹಂಗ ಹೆಸರೂ ಕೇಳು. ನಾ ಕೇಳಿದ್ರ ಎಲ್ಲಿ ಬರೂದು ಬಿಡ್ತಾಳೋ ಅಂತ ಕೇಳಿಲ್ಲ."